ಮೈಕ್ ಕೇಬಲ್ ನಿರ್ವಹಣೆ: ಟಾಲಿಗಂಜ್‌ನ ಧ್ವನಿಮುದ್ರಣದ ಹಿನ್ನೆಲೆಯಲ್ಲಿ

ಮೈಕ್ರೊಫೋನಿನಲ್ಲಿ ಹುಟ್ಟಿದ ವಿದ್ಯುತ್ ಸಂಕೇತವನ್ನು ಮಿಕ್ಸರ್‌ಗೋ ರೆಕಾರ್ಡರ್‌ಗೋ ತಲುಪಿಸುವ ತಂತಿ ಮೈಕ್ ಕೇಬಲ್. ಅದನ್ನು ಆರಿಸುವುದು, ಹಾಸುವುದು, ತುದಿಗಳಿಗೆ ಬೆಸುಗೆ ಹಾಕುವುದು, ಅರ್ಥಿಂಗ್ ಸರಿಯಿದೆಯೇ ಎಂದು ನೋಡುವುದು, ಕೆಲಸ ಮುಗಿದ ಮೇಲೆ ಸುತ್ತಿಡುವುದು, ಇಷ್ಟೂ ಸೇರಿದರೆ ಕೇಬಲ್ ನಿರ್ವಹಣೆ. ಕಛೇರಿ, ನಾಟಕ ಇಲ್ಲವೇ ಚಿತ್ರೀಕರಣದ ಧ್ವನಿಯನ್ನು ಅದು ನಡೆಯುತ್ತಿರುವಾಗಲೇ ಮುದ್ರಿಸಿಕೊಳ್ಳುವವರಿಗೆ ಇದು ಮೊದಲ ಪಾಠ. ಕೇಳುಗರು ‘ಗುಂಯ್’ ಎನ್ನುತ್ತಿದೆ ಎಂದು ದೂರುವ ಸದ್ದು, ಮೊಬೈಲಿನ ‘ಟಿಟಿಟಿ’, ದೀಪ ಮಂದವಾದಾಗ ಏಳುವ ‘ಜರ್ರ್’ ಬಹುಮಟ್ಟಿಗೆ ಈ ತಂತಿಯ ದಾರಿಯಲ್ಲೇ ಒಳಗೆ ನುಗ್ಗುತ್ತವೆ.

ಕೋಲ್ಕತ್ತಾದ ದಕ್ಷಿಣ ಭಾಗದ ಟಾಲಿಗಂಜ್ ಈ ವಿಷಯವನ್ನು ನೋಡಲು ಹೇಳಿ ಮಾಡಿಸಿದ ಜಾಗ. ಬಂಗಾಳಿ ಚಿತ್ರರಂಗದ ಸ್ಟುಡಿಯೊಗಳು ಇಲ್ಲಿವೆ, ಹಿಂದೂಸ್ತಾನಿ ಸಂಗೀತದ ಗುರುಕುಲವೊಂದು ಇಲ್ಲಿದೆ. ಟ್ರಾಮ್ ಡಿಪೊ, ಮೆಟ್ರೊ ನಿಲ್ದಾಣಗಳೂ ಇಲ್ಲೇ ಇವೆ. ಸದ್ದನ್ನು ಹಿಡಿಯುವವರೂ ಸದ್ದನ್ನು ಕೆಡಿಸಬಲ್ಲ ವಿದ್ಯುತ್ ಜಾಲಗಳೂ ಒಂದೇ ಬಡಾವಣೆಯಲ್ಲಿ ಬಾಳಿವೆ.

ಮಾತು ಕಲಿತ ಸ್ಟುಡಿಯೊಗಳು

ಬಿ. ಎನ್. ಸರ್ಕಾರ್ 1931ರಲ್ಲಿ ಟಾಲಿಗಂಜ್‌ನಲ್ಲಿ ನ್ಯೂ ಥಿಯೇಟರ್ಸ್ ಕಟ್ಟಿದರು. ಅದೇ ವರ್ಷದ ಕೊನೆಯಲ್ಲಿ ಸಂಸ್ಥೆಯ ಮೊದಲ ವಾಕ್ಚಿತ್ರ ‘ದೇನಾ ಪಾವ್ನಾ’ ತೆರೆ ಕಂಡಿತು. ರವೀಂದ್ರನಾಥ ಟಾಗೋರರ ‘ನಟೀರ್ ಪೂಜಾ’ ಚಿತ್ರವಾದದ್ದೂ ಇದೇ ಸಂಸ್ಥೆಯಲ್ಲಿ. ಭಾರತದ ಆರಂಭಿಕ ಟಾಕಿಗಳಿಗೆ ದುಡಿದ ಅಮೆರಿಕದ ಧ್ವನಿ ಎಂಜಿನಿಯರ್ ವಿಲ್ಫರ್ಡ್ ಡೆಮಿಂಗ್ 1932ರ ‘ಅಮೆರಿಕನ್ ಸಿನಿಮಾಟೋಗ್ರಾಫರ್’ ಪತ್ರಿಕೆಯಲ್ಲಿ ತನ್ನ ಅನುಭವ ಬರೆದ. ಟಾಲಿಗಂಜ್‌ಗೆ ಅಂಟಿಕೊಂಡ ‘ಟಾಲಿವುಡ್’ ಎಂಬ ಹೆಸರು ಆ ಬರಹದಲ್ಲೇ ಕಾಣುತ್ತದೆ.

ಆ ಕಾಲದಲ್ಲಿ ನಟರು ಕ್ಯಾಮೆರಾದ ಮುಂದೆಯೇ ಹಾಡಬೇಕಿತ್ತು. ವಾದ್ಯದವರು ಚೌಕಟ್ಟಿನ ಆಚೆ ಕೂತು ನುಡಿಸುತ್ತಿದ್ದರು. ಮೈಕು ನಟರಿಗೆ ಹತ್ತಿರವಿರಬೇಕು, ಆದರೆ ಕಣ್ಣಿಗೆ ಬೀಳಬಾರದು. ತಂತಿ ದೀಪಗಳ ನಡುವೆಯೇ ಹಾದು ಬರಬೇಕು. ಮೂಕಿ ಚಿತ್ರಗಳಿಗೆ ಬೆಳಕು ಕೊಟ್ಟಿದ್ದ ಕಾರ್ಬನ್ ಆರ್ಕ್ ದೀಪಗಳು ಟಾಕಿ ಬಂದೊಡನೆ ಎಲ್ಲೆಡೆ ತಲೆನೋವಾದವು. ಅವುಗಳಿಗೆ ಡಿಸಿ ವಿದ್ಯುತ್ ಕೊಡುವ ಜನರೇಟರಿನ ಏರಿಳಿತದಿಂದ ಆರ್ಕ್ ತಾನೇ ಸಿಳ್ಳೆ ಹೊಡೆಯುತ್ತಿತ್ತು. ಹಾಲಿವುಡ್ ಕೆಲಕಾಲ ತಂತಿಸುರುಳಿಯ ದೀಪಗಳಿಗೆ ಬದಲಾಯಿತು. ಮುಂದೆ ಚೋಕ್ ಕಾಯಿಲ್ ಅಳವಡಿಸಿ ಆರ್ಕ್‌ಗಳನ್ನು ಪಳಗಿಸಿತು.

1935ರಲ್ಲಿ ನಿತಿನ್ ಬೋಸ್ ನಿರ್ದೇಶಿಸಿದ ‘ಭಾಗ್ಯ ಚಕ್ರ’ ಮತ್ತು ಅದರ ಹಿಂದಿ ರೂಪ ‘ಧೂಪ್ ಛಾಂವ್’ ಮೂಲಕ ನ್ಯೂ ಥಿಯೇಟರ್ಸ್ ಹಿನ್ನೆಲೆ ಗಾಯನವನ್ನು ತಂದಿತು. ಧ್ವನಿಯ ಹೊಣೆ ನಿತಿನ್ ಅವರ ತಮ್ಮ ಮುಕುಲ್ ಬೋಸ್ ಅವರದು. ಹಾಡು ಮೊದಲೇ ಮುದ್ರಣವಾದರೆ ಸೆಟ್ಟಿನ ದೀಪ, ಮೋಟರು, ಕೇಬಲ್ಲುಗಳ ಕಾಟದಿಂದ ಗಾಯನ ಪಾರಾಗುತ್ತದೆ. ಹಿನ್ನೆಲೆ ಗಾಯನದ ಚರಿತ್ರೆಯಲ್ಲಿ ಈ ತಾಂತ್ರಿಕ ಲಾಭದ ಮಾತು ಅಪರೂಪಕ್ಕೆ ಬರುತ್ತದೆ. ಈಗ ಸಿಂಕ್ ಸೌಂಡ್, ಅಂದರೆ ಚಿತ್ರೀಕರಣದ ಹೊತ್ತಿನಲ್ಲೇ ಧ್ವನಿ ಮುದ್ರಿಸುವ ಕ್ರಮ, ಮತ್ತೆ ಚಲಾವಣೆಗೆ ಬಂದಿರುವುದರಿಂದ 1930ರ ದಶಕದ ಸಮಸ್ಯೆಗಳು ಹೊಸ ವೇಷದಲ್ಲಿ ಮರಳಿವೆ. ಆರ್ಕ್ ದೀಪದ ಜಾಗದಲ್ಲಿ ಎಲ್‌ಇಡಿ ಫಲಕಗಳ ಪವರ್ ಸಪ್ಲೈ ಕೂತಿದೆ.

ಹಾಡಿನ ಮನೆ

ಟಾಲಿಗಂಜ್‌ನ ಇನ್ನೊಂದು ಮುಖ ಐಟಿಸಿ ಸಂಗೀತ ಸಂಶೋಧನ ಅಕಾಡೆಮಿ. 1970ರ ದಶಕದ ಕೊನೆಯಲ್ಲಿ ಶುರುವಾದ ಇದು ಗುರುಗಳೂ ಶಿಷ್ಯರೂ ಒಂದೇ ಆವರಣದಲ್ಲಿ ಬಾಳುವ ಗುರುಕುಲ. ವಿಜಯ್ ಕಿಚ್ಲು ಇದರ ಮೊದಲ ನಿರ್ದೇಶಕರು. ನಿಸಾರ್ ಹುಸೇನ್ ಖಾನ್, ಗಿರಿಜಾ ದೇವಿ ಮೊದಲಾದವರು ಇಲ್ಲಿ ಕಲಿಸಿದರು, ರಶೀದ್ ಖಾನ್ ಇಲ್ಲಿ ಕಲಿತು ಬೆಳೆದರು. ತಾನ್‌ಪುರದ ನಾದವನ್ನು ಉಪಕರಣಗಳಿಂದ ಅಳೆದು ನೋಡಿದ ವೈಜ್ಞಾನಿಕ ವಿಭಾಗವೂ ಈ ಅಕಾಡೆಮಿಗೆ ಇದೆ. ಇಲ್ಲಿಗೆ ಸಮೀಪದ ರವೀಂದ್ರ ಸರೋವರದ ನಜ್ರುಲ್ ಮಂಚ್‌ನಲ್ಲಿ ಡೋವರ್ ಲೇನ್ ಸಂಗೀತ ಸಮ್ಮೇಳನ ಜನವರಿಯ ಚಳಿಯಲ್ಲಿ ರಾತ್ರಿಯಿಡೀ ನಡೆಯುತ್ತದೆ. ಅದರ ಆರಂಭ 1952ರಲ್ಲಿ.

ಕನ್ನಡಿಗರಿಗೂ ಈ ನಂಟು ಹೊಸದಲ್ಲ. ಗುರುವನ್ನು ಅರಸಿ ಗದಗದ ಮನೆ ಬಿಟ್ಟ ಬಾಲಕ ಭೀಮಸೇನ ಜೋಶಿ ಅಲೆಯುತ್ತಾ ಕೋಲ್ಕತ್ತಾಕ್ಕೆ ಬಂದು, ನ್ಯೂ ಥಿಯೇಟರ್ಸ್ ಚಿತ್ರಗಳ ನಟ ಪಹಾಡಿ ಸನ್ಯಾಲರ ಮನೆಯಲ್ಲಿ ಕೆಲಸಕ್ಕಿದ್ದರು. ಮುಂದೆ ಅದೇ ನಗರದ ರಾತ್ರಿ ಕಛೇರಿಗಳಲ್ಲಿ ಅವರ ಹಾಡಿಗೆ ಜನ ಕಾದು ಕೂರುವಂತಾಯಿತು.

ಸಂಕೇತದ ಗಾತ್ರ

ಕೇಬಲ್ ವಿಷಯದಲ್ಲಿ ಇಷ್ಟು ಕಾಳಜಿ ಏಕೆ ಎಂಬುದಕ್ಕೆ ಅಂಕಿಗಳೇ ಉತ್ತರ. 1966ರಲ್ಲಿ ಮಾರುಕಟ್ಟೆಗೆ ಬಂದು ಇಂದಿಗೂ ಊರೂರಿನ ವೇದಿಕೆಗಳಲ್ಲಿ ಕಾಣುವ ಶೂರ್ ಎಸ್‌ಎಂ58 ಮೈಕು, 94 ಡೆಸಿಬಲ್ ಮಟ್ಟದ ಸದ್ದಿಗೆ ಹೊರಡಿಸುವುದು ಸುಮಾರು 1.85 ಮಿಲಿವೋಲ್ಟ್. ಪಕ್ಕದ ಗೋಡೆಯ ಸಾಕೆಟ್ಟಿನಲ್ಲಿರುವುದು 230 ವೋಲ್ಟ್, ಅಂದರೆ ಲಕ್ಷ ಪಟ್ಟಿಗೂ ಹೆಚ್ಚು. ಮಿಕ್ಸರ್‌ನ ಪ್ರಿಆಂಪ್ಲಿಫೈಯರ್ ಈ ಸಣ್ಣ ಸಂಕೇತವನ್ನು 60 ಡೆಸಿಬಲ್ ಏರಿಸಿದರೆ ಅದು ಸಾವಿರ ಪಟ್ಟು ಹಿಗ್ಗುತ್ತದೆ. ದಾರಿಯಲ್ಲಿ ಸೇರಿಕೊಂಡ ಕಸವೂ ಅಷ್ಟೇ ಹಿಗ್ಗುತ್ತದೆ.

ಆಮೇಲೆ ಕಂಪ್ಯೂಟರಿನಲ್ಲಿ ತೆಗೆದರಾಯಿತು ಎನ್ನುವ ಸಮಾಧಾನ ಸಿನಿಮಾ ಸಂಭಾಷಣೆಗೆ ಒಂದಿಷ್ಟು ಹೊಂದೀತು. ರಾಗ ಸಂಗೀತಕ್ಕೆ ಹೊಂದುವುದಿಲ್ಲ. ಭಾರತದ ಮನೆ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಅದರ ಗುಂಯ್‌ಗುಡುವಿಕೆಯಲ್ಲಿ, ಅಂದರೆ ‘ಹಮ್’ನಲ್ಲಿ, 100, 150, 200 ಹರ್ಟ್ಸ್‌ಗಳೂ ಬೆರೆತಿರುತ್ತವೆ. ಗಾಯಕರು ಹಾರ್ಮೋನಿಯಂನ ಬಿಳಿ ಒಂದರಲ್ಲಿ ಶ್ರುತಿ ಹಿಡಿದರೆ ತಾನ್‌ಪುರದ ಮಂದ್ರ ಪಂಚಮ ತಂತಿ ಸುಮಾರು 98 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ಪಕ್ಕದಲ್ಲೇ 100 ಹರ್ಟ್ಸ್‌ನ ಹಮ್ ಸೇರಿಕೊಂಡಾಗ ಸೆಕೆಂಡಿಗೆ ಎರಡರಂತೆ ಏರಿಳಿತ ಕೇಳಿಸುತ್ತದೆ; ಕಿವಿಗೆ ಅದು ತುಸು ಏರಿದ, ಅಪಶ್ರುತಿಯ ಪಂಚಮ. ಫಿಲ್ಟರ್ ಹಾಕಿ 100 ಹರ್ಟ್ಸ್ ಕತ್ತರಿಸಲು ಹೋದರೆ ಪಂಚಮ ತಂತಿಯ ಮೈಯೂ ಸವೆಯುತ್ತದೆ. ಸಂಗೀತ ಮುದ್ರಣದಲ್ಲಿ ಹಮ್ ಬಾರದಂತೆ ಮೊದಲೇ ತಡೆಯಬೇಕೆಂಬ ಹಟಕ್ಕೆ ಇದೇ ಕಾರಣ.

ಗದ್ದಲ ಒಳಬರುವ ದಾರಿಗಳು

ಎಲ್ಲ ಗದ್ದಲಕ್ಕೂ ಒಂದೇ ಮದ್ದು ಎಂಬ ನಂಬಿಕೆ ಸೌಂಡ್ ಕೆಲಸದಲ್ಲಿ ತುಂಬ ಸಮಯ ತಿನ್ನುತ್ತದೆ. ಬೇಡದ ಸದ್ದು ಬರುವ ದಾರಿಗಳು ಬೇರೆ ಬೇರೆ, ಪರಿಹಾರವೂ ಬೇರೆ ಬೇರೆ.

ಮೊದಲನೆಯದು ವಿದ್ಯುತ್ ಕ್ಷೇತ್ರ. ವೋಲ್ಟೇಜ್ ಇರುವ ಯಾವುದೇ ತಂತಿಯಿಂದ ಇದು ಹೊಮ್ಮುತ್ತದೆ. ಕೇಬಲ್ಲಿನ ಒಳತಂತಿಗಳ ಸುತ್ತ ಇರುವ ತಾಮ್ರದ ಶೀಲ್ಡ್ ಇದನ್ನು ಹಿಡಿದು ನೆಲಕ್ಕೆ ಇಳಿಸುತ್ತದೆ. ಹೆಣೆದ ಶೀಲ್ಡ್ ಬಾಗುವಿಕೆಗೆ ಬಾಳಿಕೆ ಬರುತ್ತದೆ, ಸುತ್ತಿದ ಶೀಲ್ಡ್ ಮೆತ್ತಗಿರುತ್ತದೆ. ಹಾಳೆಯ ಶೀಲ್ಡ್ ಪೂರ್ತಿ ಮುಚ್ಚುತ್ತದಾದರೂ ಪದೇ ಪದೇ ಮಡಚಿದರೆ ಬಿರುಕು ಬಿಡುವುದರಿಂದ ಗೋಡೆಯೊಳಗೆ ಶಾಶ್ವತವಾಗಿ ಎಳೆಯುವ ಕೇಬಲ್‌ಗೆ ಅದು ಸರಿ.

ಎರಡನೆಯದು ಕಾಂತಕ್ಷೇತ್ರ. ಹೆಚ್ಚು ಕರೆಂಟು ಹರಿಯುವ ವೈರು, ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್, ಪಂಖದ ಮೋಟರು ಇದರ ಮೂಲ. 50 ಹರ್ಟ್ಸ್‌ನ ಕಾಂತಕ್ಷೇತ್ರ ತಾಮ್ರದ ಶೀಲ್ಡನ್ನು ಲೆಕ್ಕಿಸದೆ ದಾಟಿ ಹೋಗುತ್ತದೆ. ದುಬಾರಿ ಶೀಲ್ಡಿನ ಕೇಬಲ್ ತಂದರೂ ಹಮ್ ನಿಲ್ಲಲಿಲ್ಲ ಎಂಬ ದೂರಿನ ಹಿಂದೆ ಇರುವುದು ಸಾಮಾನ್ಯವಾಗಿ ಇದೇ. ಇದಕ್ಕೆ ಮದ್ದು ದೂರ, ಕೋನ, ಮತ್ತು ಒಳಗಿನ ಎರಡು ತಂತಿಗಳನ್ನು ಹೊಸೆಯುವುದು. ಟೆಲಿಫೋನ್ ತಂತಿಗಳನ್ನು ಹೀಗೆ ಹೊಸೆಯುವ ಉಪಾಯಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದಿದ್ದರು.

ಮೂರನೆಯದು ಅರ್ಥಿಂಗ್. ಎರಡು ಉಪಕರಣಗಳು ಎರಡು ಕಡೆ ನೆಲಕ್ಕೆ ಸೇರಿ, ನಡುವೆ ಆಡಿಯೊ ಕೇಬಲ್ಲಿನ ಶೀಲ್ಡೂ ಅವನ್ನು ಜೋಡಿಸಿದರೆ ಒಂದು ಸುತ್ತು ಪೂರ್ಣವಾಗುತ್ತದೆ. ಎರಡು ನೆಲಗಳ ನಡುವಿನ ಸಣ್ಣ ವೋಲ್ಟೇಜ್ ವ್ಯತ್ಯಾಸ ಆ ಶೀಲ್ಡಿನಲ್ಲಿ ಕರೆಂಟು ಹರಿಸುತ್ತದೆ. ಇದೇ ಗ್ರೌಂಡ್ ಲೂಪ್.

ನಾಲ್ಕನೆಯದು ರೇಡಿಯೊ ತರಂಗ. ಉದ್ದನೆಯ ಕೇಬಲ್ ಆಂಟೆನಾದಂತೆ ವರ್ತಿಸಿ ಮೀಡಿಯಂ ವೇವ್ ಕೇಂದ್ರದ ಮಾತನ್ನೋ ಮೊಬೈಲಿನ ಸಂಕೇತವನ್ನೋ ಒಳಗೆ ತರುತ್ತದೆ. 2ಜಿ ಫೋನು ಸೆಕೆಂಡಿಗೆ ಸುಮಾರು 217 ಬಾರಿ ತುಣುಕು ತುಣುಕಾಗಿ ಪ್ರಸಾರ ಮಾಡುವುದರಿಂದ ಪರಿಚಿತ ‘ಟಿಟಿಟಿ’ ಕೇಳುತ್ತದೆ.

ಟಾಲಿಗಂಜ್ ಈ ಪಟ್ಟಿಗೆ ತನ್ನದೂ ಕೆಲವು ಸೇರಿಸುತ್ತದೆ. ಕೋಲ್ಕತ್ತಾದಲ್ಲಿ 1902ರಿಂದ ಓಡಿದ ವಿದ್ಯುತ್ ಟ್ರಾಮ್‌ಗಳಿಗೆ 550 ವೋಲ್ಟ್ ಡಿಸಿ. 1986ರಲ್ಲಿ ಟಾಲಿಗಂಜ್‌ವರೆಗೆ ಬಂದ ಮೆಟ್ರೊದ ಮೂರನೇ ಹಳಿಗೆ 750 ವೋಲ್ಟ್ ಡಿಸಿ. ಆ ನಿಲ್ದಾಣಕ್ಕೆ ಈಗ ಬಂಗಾಳಿ ಚಿತ್ರನಟ ‘ಮಹಾನಾಯಕ’ ಉತ್ತಮ್ ಕುಮಾರ್ ಹೆಸರಿದೆ. ಇಂಥ ವ್ಯವಸ್ಥೆಗಳಲ್ಲಿ ಕರೆಂಟು ಹಳಿಗಳ ಮೂಲಕ ಹಿಂತಿರುಗುತ್ತದೆ, ಒಂದಿಷ್ಟು ಪಾಲು ನೆಲಕ್ಕೂ ಸೋರುತ್ತದೆ. ಎಸಿಯನ್ನು ಡಿಸಿಗೆ ಪರಿವರ್ತಿಸುವಾಗ ಉಳಿಯುವ 300 ಅಥವಾ 600 ಹರ್ಟ್ಸ್‌ನ ಏರಿಳಿತ, ಸಂಪರ್ಕ ಕಡಿದಾಗಿನ ಕಿಡಿ, ಎರಡೂ ಸೂಕ್ಷ್ಮ ಉಪಕರಣಗಳಿಗೆ ಕೇಳಿಸಬಲ್ಲವು. ಹಳಿಗಳ ಬಳಿ ಎರಡು ಕಟ್ಟಡಗಳ ನಡುವೆ ಕೇಬಲ್ ಎಳೆಯುವಾಗ ಎರಡೂ ಕಡೆಯ ಅರ್ಥಿಂಗ್ ಒಂದೇ ಮಟ್ಟದಲ್ಲಿದೆ ಎಂದು ಭಾವಿಸುವಂತಿಲ್ಲ.

ಬ್ಯಾಲೆನ್ಸ್ಡ್ ಜೋಡಿ

ವೃತ್ತಿಪರ ಮೈಕ್ ಕೇಬಲ್ಲಿನೊಳಗೆ ಎರಡು ಸಂಕೇತ ತಂತಿಗಳೂ ಒಂದು ಶೀಲ್ಡೂ ಇರುತ್ತವೆ. ಮೈಕಿನ ಸಂಕೇತ ಎರಡು ತಂತಿಗಳಲ್ಲಿ ಒಂದಕ್ಕೊಂದು ವಿರುದ್ಧವಾಗಿ ಬರುತ್ತದೆ. ಹೊರಗಿನ ಗದ್ದಲ ಎರಡಕ್ಕೂ ಸಮನಾಗಿ ತಗಲುತ್ತದೆ. ಮಿಕ್ಸರ್ ಎರಡರ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುವುದರಿಂದ ಸಮನಾಗಿ ಬಂದದ್ದು ಅಲ್ಲೇ ಕಳೆದುಹೋಗುತ್ತದೆ. ಇದು ಕೆಲಸ ಮಾಡಬೇಕಾದರೆ ಎರಡೂ ತಂತಿಗಳು ಎಲ್ಲ ವಿಧದಲ್ಲೂ ಸಮ ಇರಬೇಕು. ಒಂದು ಬೆಸುಗೆ ಸಡಿಲವಾದರೂ ಸಮತೋಲ ಕೆಡುತ್ತದೆ.

ತುದಿಯಲ್ಲಿರುವ ಎಕ್ಸ್‌ಎಲ್‌ಆರ್ ಕನೆಕ್ಟರ್ ಲಾಸ್ ಏಂಜಲಿಸ್‌ನ ಕ್ಯಾನನ್ ಸಂಸ್ಥೆಯ ಕೊಡುಗೆ. ಹಳಬರು ಇಂದಿಗೂ ಅದನ್ನು ‘ಕ್ಯಾನನ್ ಪಿನ್’ ಎನ್ನುವುದುಂಟು. ಅದರ 1ನೇ ಪಿನ್ನಿಗೆ ಶೀಲ್ಡ್, 2ಕ್ಕೆ ಧನ, 3ಕ್ಕೆ ಋಣ. ಇದೇ ತಂತಿಗಳ ಮೇಲೆ ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟ್ ಫ್ಯಾಂಟಮ್ ಪವರ್ ಕೂಡ ಸಾಗುತ್ತದೆ. 1966ರಲ್ಲಿ ನಾಯ್‌ಮನ್ ಕಂಪನಿ ನಾರ್ವೆಯ ಪ್ರಸಾರ ಸಂಸ್ಥೆಗೆ ಇಂಥ ಮೈಕು ಒದಗಿಸಿದಾಗ ಅಲ್ಲಿನ ತುರ್ತು ದೀಪಗಳಿಗೆ ಮೊದಲೇ 48 ವೋಲ್ಟ್ ಸರಬರಾಜಿತ್ತು. ಅದೇ ಅಂಕಿ ನಿಂತುಬಿಟ್ಟಿತು. ಫ್ಯಾಂಟಮ್ ಕರೆಂಟು ಶೀಲ್ಡಿನ ಮೂಲಕ ಹಿಂತಿರುಗುತ್ತದೆ. ಹಾಗಾಗಿ ಮೈಕ್ ಕೇಬಲ್ಲಿನ ಶೀಲ್ಡನ್ನು ಎರಡೂ ತುದಿಯಲ್ಲಿ ಜೋಡಿಸಲೇಬೇಕು.

ಗದ್ದಲ ಹೆಚ್ಚಿರುವ ಕಡೆ ಸ್ಟಾರ್ ಕ್ವಾಡ್ ಕೇಬಲ್ ಬಳಸುತ್ತಾರೆ. ಇದರಲ್ಲಿ ನಾಲ್ಕು ತಂತಿಗಳು. ಎದುರುಬದುರಾದ ಎರಡೆರಡನ್ನು ಒಂದಾಗಿಸಿ ಬೆಸುಗೆ ಹಾಕಲಾಗುತ್ತದೆ. ಕಾಂತಕ್ಷೇತ್ರದ ಕಾಟವನ್ನು ಇದು ಸಾಮಾನ್ಯ ಜೋಡಿಗಿಂತ ಬಹಳ ಕಡಿಮೆ ಮಾಡುತ್ತದೆ. ಬೆಲೆ ಹೆಚ್ಚು, ಬೆಸುಗೆಯ ಕೆಲಸ ಹೆಚ್ಚು, ಕೆಪಾಸಿಟೆನ್ಸೂ ಹೆಚ್ಚು; ದೀಪಗಳ ಬೆಳಕು ತಗ್ಗಿಸುವ ಡಿಮ್ಮರ್ ಪಕ್ಕದಲ್ಲೇ ಹಾಯಬೇಕಾದ ಕೇಬಲ್‌ಗೆ ಈ ಖರ್ಚು ಸಾರ್ಥಕ.

ಉಪಕರಣದ ಒಳಗೂ ತಪ್ಪು ಇರಬಹುದು. ಶೀಲ್ಡನ್ನು ಲೋಹದ ಪೆಟ್ಟಿಗೆಗೆ ಕಟ್ಟುವ ಬದಲು ಒಳಗಿನ ಸರ್ಕ್ಯೂಟಿಗೆ ಜೋಡಿಸಿದರೆ ಶೀಲ್ಡ್ ಹಿಡಿದ ಕಸವೆಲ್ಲ ಸಂಕೇತಕ್ಕೇ ಬೆರೆಯುತ್ತದೆ. ಆಡಿಯೊ ತಜ್ಞ ನೀಲ್ ಮನ್ಸಿ 1990ರ ದಶಕದಲ್ಲಿ ‘ಪಿನ್ 1 ಸಮಸ್ಯೆ’ ಎಂದು ಇದನ್ನು ಎತ್ತಿ ತೋರಿಸಿದರು. 2005ರ ಎಇಎಸ್48 ಮಾನದಂಡ ಶೀಲ್ಡನ್ನು ನೇರವಾಗಿ ಪೆಟ್ಟಿಗೆಗೇ ಸೇರಿಸಬೇಕೆಂದು ಹೇಳುತ್ತದೆ.

ವೇದಿಕೆಯ ಮೇಲೆ

ಖಯಾಲ್ ಕಛೇರಿಯೊಂದರ ವೇದಿಕೆಯನ್ನು ನೋಡೋಣ. ಗಾಯಕರಿಗೆ ಒಂದು ಮೈಕು, ತಬಲಾಕ್ಕೆ ಎರಡು, ಹಾರ್ಮೋನಿಯಂಗೆ ಒಂದು, ಎರಡು ತಾನ್‌ಪುರಗಳಿಗೆ ಒಂದೊಂದು. ಜೊತೆಗೆ ಎಲೆಕ್ಟ್ರಾನಿಕ್ ತಾನ್‌ಪುರ. ಈ ಪೆಟ್ಟಿಗೆ ದೇಶದ ತುಂಬ ಹರಡಲು ಬೆಂಗಳೂರಿನ ರೇಡೆಲ್ ಸಂಸ್ಥೆಯ ಜಿ. ರಾಜ್‌ನಾರಾಯಣ್ ದೊಡ್ಡ ಕಾರಣ.

ಪವರ್ ವೈರುಗಳೆಲ್ಲ ವೇದಿಕೆಯ ಒಂದು ಬದಿಯಿಂದ, ಮೈಕ್ ಕೇಬಲ್‌ಗಳು ಇನ್ನೊಂದು ಬದಿಯಿಂದ ಬರುವಂತೆ ಮೊದಲೇ ಗೆರೆ ಎಳೆದುಕೊಳ್ಳುವುದು ಉತ್ತಮ ಕ್ರಮ. ಎರಡೂ ಜೊತೆಜೊತೆಗೆ ಸಾಗಲೇಬೇಕಾದರೆ ನಡುವೆ ಕನಿಷ್ಠ ಒಂದು ಅಡಿಯಾದರೂ ಬಿಡಬೇಕು, ಹೆಚ್ಚಿದ್ದಷ್ಟೂ ಒಳ್ಳೆಯದು. ದಾಟಬೇಕಾದ ಕಡೆ ನೇರ ಅಡ್ಡಕ್ಕೆ, 90 ಡಿಗ್ರಿ ಕೋನದಲ್ಲಿ ದಾಟಿಸಬೇಕು. ಪವರ್ ವೈರನ್ನೂ ಮೈಕ್ ಕೇಬಲ್ಲನ್ನೂ ಒಂದೇ ಕಟ್ಟಾಗಿ ಟೇಪ್ ಸುತ್ತುವುದು ನೋಡಲು ಅಚ್ಚುಕಟ್ಟು, ಕೇಳಲು ಕೆಟ್ಟದ್ದು. ಉಳಿದ ಕೇಬಲ್ ಮೈಕ್ ಸ್ಟ್ಯಾಂಡಿನ ಬುಡದಲ್ಲಿರಲಿ, ಆಂಪ್ಲಿಫೈಯರಿನ ತಲೆಯ ಮೇಲೆ ಬೇಡ. ಎಲೆಕ್ಟ್ರಾನಿಕ್ ತಾನ್‌ಪುರಕ್ಕೂ ಪಿಕಪ್ ಇರುವ ವಾದ್ಯಕ್ಕೂ ಸಾದಾ ಜಾಕ್ ವೈರು ಐದಾರು ಮೀಟರ್ ಮೀರಬಾರದು. ವಾದ್ಯದ ಪಕ್ಕದಲ್ಲೇ, ಸಂಕೇತವನ್ನು ಬ್ಯಾಲೆನ್ಸ್ಡ್ ಆಗಿಸುವ ಡಿಐ ಬಾಕ್ಸ್ ಇಟ್ಟು ಅಲ್ಲಿಂದ ಬ್ಯಾಲೆನ್ಸ್ಡ್ ಕೇಬಲ್ ಎಳೆದರೆ ಉದ್ದದ ಚಿಂತೆಯಿಲ್ಲ. ಅಡಾಪ್ಟರ್ ‘ಸುಯ್’ ಎನ್ನುತ್ತಿದ್ದರೆ ಬ್ಯಾಟರಿಯಲ್ಲಿ ನಡೆಸಿ ನೋಡುವುದು ಸುಲಭ ಪರೀಕ್ಷೆ.

ಕಬ್ಬಿಣದ ಚೌಕಟ್ಟಿನ ವೇದಿಕೆಯಲ್ಲಿ ಎರಡು ಕೇಬಲ್ ಸೇರುವ ಕನೆಕ್ಟರಿನ ಲೋಹದ ಹೊದಿಕೆ ಕಬ್ಬಿಣಕ್ಕೆ ತಾಗದಂತೆ ಟೇಪ್ ಸುತ್ತುತ್ತಾರೆ. ಹೊದಿಕೆಯನ್ನು 1ನೇ ಪಿನ್ನಿಗೆ ಜೋಡಿಸಿದ್ದರೆ ಅಲ್ಲೇ ಹೊಸ ಲೂಪ್ ಹುಟ್ಟಿಕೊಳ್ಳುತ್ತದೆ.

ಸದ್ದಿನ ಗುಣವೇ ಮೂಲದ ಸುಳಿವು ಕೊಡುತ್ತದೆ. ದಪ್ಪನೆಯ, ಮೆತ್ತನೆಯ ಗುಂಯ್ ಆದರೆ ಟ್ರಾನ್ಸ್‌ಫಾರ್ಮರಿನ ಹತ್ತಿರ ಹಾದ ಕೇಬಲ್ ಹುಡುಕಬೇಕು. ಚೂಪಾದ ಜರ್ರ್ ಆದರೆ ಡಿಮ್ಮರ್ ಅಥವಾ ಗ್ರೌಂಡ್ ಲೂಪ್. ದೀಪ ಪೂರ್ತಿ ಹಚ್ಚಿದಾಗ ತಗ್ಗಿ, ಅರ್ಧಕ್ಕೆ ಇಳಿಸಿದಾಗ ಜೋರಾದರೆ ಡಿಮ್ಮರೇ ಕಳ್ಳ. ಕೇಬಲ್ ಅಲುಗಿಸಿದಾಗ ಚಟಪಟ ಎಂದರೆ ಬೆಸುಗೆ ಬಿಟ್ಟಿದೆ. ಮೈಕಿಗೆ ಕೈ ತಾಗಿಸಿದೊಡನೆ ಹಮ್ ಬದಲಾದರೆ ಶೀಲ್ಡ್ ಕಡಿದಿದೆ. ಒಂದೊಂದೇ ಚಾನಲ್ ಮ್ಯೂಟ್ ಮಾಡುತ್ತಾ, ಹೆಡ್‌ಫೋನಿನಲ್ಲಿ ಕೇಳುತ್ತಾ ಹೋದರೆ ದೋಷದ ಜಾಗ ಬೇಗ ಸಿಗುತ್ತದೆ. ಜನರೇಟರಿನ ಮೇಲೆ ನಡೆಯುವ ಕಾರ್ಯಕ್ರಮಗಳಲ್ಲಿ, ಅದು ದುರ್ಗಾಪೂಜೆಯ ಪೆಂಡಾಲಿರಲಿ, ಕಾಸರಗೋಡಿನ ಯಕ್ಷಗಾನ ಬಯಲಾಟವಿರಲಿ, ಎಂಜಿನ್ ವೇಗದ ಜೊತೆ ಹಮ್ಮಿನ ಆವರ್ತನವೂ ಜಾರುತ್ತದೆ. ಅಲ್ಲಿ 50 ಹರ್ಟ್ಸ್‌ಗೆ ಕಟ್ಟಿಟ್ಟ ಫಿಲ್ಟರ್ ಗುರಿ ತಪ್ಪುತ್ತದೆ.

ಸುತ್ತುವುದು, ಒಣಗಿಸುವುದು

ಮೊಣಕೈಗೂ ಹೆಬ್ಬೆರಳಿಗೂ ನಡುವೆ ಕೇಬಲ್ ಸುತ್ತುವ ಅಭ್ಯಾಸ ಎಲ್ಲ ಊರಿನಲ್ಲೂ ಇದೆ. ಪ್ರತಿ ಸುತ್ತಿಗೂ ತಂತಿ ಒಂದು ಸಲ ತಿರುಚಿಕೊಳ್ಳುತ್ತದೆ. ಕಾಲಕ್ರಮದಲ್ಲಿ ಶೀಲ್ಡಿನ ಎಳೆಗಳು ಕಡಿದು, ಒಳಗಿನ ಜೋಡಿ ಜರುಗುತ್ತದೆ. ಒಂದು ಸುತ್ತು ಮೇಲಿನಿಂದ, ಮುಂದಿನದು ಕೈ ಮಡಚಿ ಅಡಿಯಿಂದ ಹಾಕಿದರೆ ಎರಡು ತಿರುಚುಗಳೂ ಪರಸ್ಪರ ಬಿಚ್ಚಿಕೊಳ್ಳುತ್ತವೆ. ಹೀಗೆ ಸುತ್ತಿದ ಕೇಬಲ್ಲನ್ನು ಎಸೆದರೆ ಗಂಟಿಲ್ಲದೆ ನೇರ ಹಾಸಿಕೊಳ್ಳುತ್ತದೆ.

ಬಂಗಾಳದ ಮಳೆಗಾಲದ ತೇವ ಪಿನ್ನುಗಳ ಮೇಲೆ ಕಿಲುಬು ತರಿಸುತ್ತದೆ. ಕರಾವಳಿ ಕರ್ನಾಟಕದವರಿಗೆ ಇದು ಗೊತ್ತಿದ್ದದ್ದೇ. ಕಿಲುಬಿನಿಂದ ಒಂದು ಪಿನ್ನಿನ ರೋಧ ಹೆಚ್ಚಿದರೆ ಬ್ಯಾಲೆನ್ಸ್ ತಪ್ಪಿ, ಹಿಂದೆ ಹೇಳಿದ ವ್ಯತ್ಯಾಸದ ಲೆಕ್ಕವೇ ಕೆಡುತ್ತದೆ. ಕಾಂಟ್ಯಾಕ್ಟ್ ಕ್ಲೀನರ್, ಒಣ ಬಟ್ಟೆ, ಸಿಲಿಕಾ ಜೆಲ್ ಇಟ್ಟ ಪೆಟ್ಟಿಗೆ ಇವಿಷ್ಟೇ ಪರಿಹಾರ.

ಬ್ಯಾಟರಿ, ಡಿಜಿಟಲ್

ಹೊರಾಂಗಣ ಚಿತ್ರೀಕರಣದಲ್ಲಿ ದಶಕಗಳ ಕಾಲ ರಾಜನಂತಿದ್ದ ಸ್ವಿಟ್ಜರ್ಲೆಂಡಿನ ನಾಗ್ರಾ ರೆಕಾರ್ಡರ್ 12 ಟಾರ್ಚ್ ಸೆಲ್ಲುಗಳ ಮೇಲೆ ಓಡುತ್ತಿತ್ತು. ಗೋಡೆಯ ವಿದ್ಯುತ್ತಿನ ಸಂಬಂಧವೇ ಇಲ್ಲದ ಯಂತ್ರದಲ್ಲಿ ಮುಖ್ಯ ಅರ್ಥಿಂಗ್ ಮೂಲಕ ಲೂಪ್ ಆಗುವ ಅವಕಾಶವೂ ಇಲ್ಲ. ಇಂದಿನ ಬ್ಯಾಟರಿ ರೆಕಾರ್ಡರ್‌ಗಳಿಗೂ ಇದೇ ಅನುಕೂಲವಿದೆ. ಡಿಜಿಟಲ್ ಸ್ಟೇಜ್ ಬಾಕ್ಸ್ ಬಂದ ಮೇಲೆ ಮೈಕ್ ಕೇಬಲ್ ವೇದಿಕೆಯಲ್ಲೇ ಮುಗಿಯುತ್ತದೆ. ಅಲ್ಲಿಂದ ಮಿಕ್ಸರ್‌ವರೆಗೆ ನೂರು ಮೀಟರ್ ತನಕ ಒಂದು ನೆಟ್‌ವರ್ಕ್ ಕೇಬಲ್ ಸಾಕು. ಆದರೂ ಮೈಕಿನಿಂದ ಪೆಟ್ಟಿಗೆಯವರೆಗಿನ ಮೊದಲ ಕೆಲವು ಮೀಟರ್ ಅನಲಾಗ್ ಆಗಿಯೇ ಉಳಿದಿದೆ. ಅಲ್ಲಿಗೆ ಹಳೆಯ ನಿಯಮಗಳೆಲ್ಲ ಅನ್ವಯಿಸುತ್ತವೆ.

ಅರ್ಥಿಂಗ್ ಪಿನ್ನಿನ ವಿಷಯ

ಹಮ್ ನಿಲ್ಲಿಸಲು ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥಿಂಗ್ ಪಿನ್ ಕಿತ್ತುಹಾಕುವ ರೂಢಿ ಸೌಂಡ್ ಸಿಸ್ಟಮ್ ವ್ಯವಹಾರದಲ್ಲಿ ಇನ್ನೂ ಇದೆ. ಹಮ್ ಕೆಲವೊಮ್ಮೆ ನಿಲ್ಲುತ್ತದೆ ಕೂಡ. ಆದರೆ ಆಂಪ್ಲಿಫೈಯರ್ ಒಳಗೆ ಇನ್ಸುಲೇಶನ್ ಸೋತ ದಿನ 230 ವೋಲ್ಟ್ ಪೆಟ್ಟಿಗೆಗೆ ಹರಿದು, ಶೀಲ್ಡಿನ ಮೂಲಕ ಮೈಕಿನ ಲೋಹಕ್ಕೆ, ಅದನ್ನು ಹಿಡಿದ ಗಾಯಕರ ಕೈಗೆ ಬರುತ್ತದೆ. ಲೂಪ್ ಮುರಿಯಲು ಸರಿಯಾದ ಜಾಗ ಆಡಿಯೊ ಕಡೆಯದು: ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಸ್ವಿಚ್, ಐಸೊಲೇಶನ್ ಟ್ರಾನ್ಸ್‌ಫಾರ್ಮರ್, ಇಲ್ಲವೇ ಲೈನ್ ಮಟ್ಟದ ಕೇಬಲ್ಲಿನ ಒಂದು ತುದಿಯ ಶೀಲ್ಡ್. ಸಭಾಂಗಣ ಕಟ್ಟುವವರೂ ಕಾರ್ಯಕ್ರಮ ಏರ್ಪಡಿಸುವವರೂ ಧ್ವನಿ ವ್ಯವಸ್ಥೆಗೆ ದೀಪದಿಂದ ಬೇರೆಯಾದ ಒಂದು ಲೈನ್, ಅದಕ್ಕೆ ಪರೀಕ್ಷಿಸಿದ ಅರ್ಥಿಂಗ್, ಮುಂದೆ ಕರೆಂಟು ನೆಲಕ್ಕೆ ಸೋರಿದೊಡನೆ ತಾನೇ ಕಡಿಯುವ ಒಂದು ಇಎಲ್‌ಸಿಬಿ ಸ್ವಿಚ್ ಒದಗಿಸಬೇಕು. ಪಿನ್ ಕಿತ್ತ ಪ್ಲಗ್ ಕಂಡರೆ ಕಾರ್ಯಕ್ರಮ ತಡವಾದರೂ ಸರಿ, ಅದನ್ನು ಬದಲಾಯಿಸಿಯೇ ಮೈಕು ಹಚ್ಚಬೇಕು.